ಟಾರ್ಚಿನ ಲಿಥಿಯಂ ಬ್ಯಾಟರಿಗೆ ಎಂಥ ಚಾರ್ಜರ್ ಬೇಕು? ಹಸಿರು ದೀಪ ಬಂದರೆ ಸಾಕೇ?

ಹೊಲಕ್ಕೆ ರಾತ್ರಿ ನೀರು ಬಿಡಲು ಹೋಗುವವರು, ತೋಟ ಕಾಯುವವರು, ಚಾರಣಕ್ಕೆ ಹೊರಡುವವರು, ಕರೆಂಟು ಹೋದಾಗ ಬೆಳಕು ಹುಡುಕುವವರು ಹೀಗೆ ಎಲ್ಲರ ಕೈಯಲ್ಲೂ ಈಗ ಅಂಗೈಯಗಲದ ಎಲ್‌ಇಡಿ ಟಾರ್ಚುಗಳಿವೆ. ಹಿಂದಿನ ಮೂರು ಸೆಲ್ಲಿನ ಟಾರ್ಚಿಗಿಂತ ಇವು ಚಿಕ್ಕವು, ಬೆಳಕು ಮಾತ್ರ ಹಲವು ಪಟ್ಟು ಹೆಚ್ಚು. ಇವುಗಳ ಹೊಟ್ಟೆಯಲ್ಲಿರುವುದು ಹೆಬ್ಬೆರಳಿನಷ್ಟು ದಪ್ಪದ ಒಂದು ಲಿಥಿಯಂ ಅಯಾನ್ ಸೆಲ್.

ಟಾರ್ಚಿನ ಜೊತೆಗೆ ಕೆಲವೊಮ್ಮೆ ಒಂದು ಪುಟ್ಟ ಚಾರ್ಜರ್ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಬಾರದಿದ್ದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುತ್ತೇವೆ. "ಯಾವುದಾದರೇನು, ಹಸಿರು ದೀಪ ಬಂದರೆ ಸಾಕು" ಎನ್ನುವುದು ನಮ್ಮ ಲೆಕ್ಕ. ಆದರೆ ಈ ಸೆಲ್‌ನ ಸುರಕ್ಷತೆ ಬಹುಪಾಲು ನಿಂತಿರುವುದು ಆ ಚಾರ್ಜರಿನ ಮೇಲೆಯೇ. ಸೆಲ್ ತುಂಬಿದ ಮೇಲೆ ಸರಿಯಾದ ಜಾಗದಲ್ಲಿ ನಿಲ್ಲದ ಚಾರ್ಜರ್ ಮನೆಯೊಳಗೆ ಬೆಂಕಿಗೆ ದಾರಿ ಮಾಡಿಕೊಡಬಹುದು.

ಚುಟುಕಾಗಿ ಉತ್ತರ

ಸೆಲ್ 4.2 ವೋಲ್ಟ್ ತಲುಪಿದ ಮೇಲೆ ಚಾರ್ಜಿಂಗನ್ನು ಪೂರ್ತಿ ನಿಲ್ಲಿಸುವ, ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸುವ, ಸೆಲ್ ತಿರುಗಾಮುರುಗಾ ಹಾಕಿದರೂ ಅನಾಹುತವಾಗದ, ಎಷ್ಟು ಆಂಪಿಯರ್ ಬೇಕೆಂದು ಆರಿಸಿಕೊಳ್ಳಲು ಬಿಡುವ ಚಾರ್ಜರ್ ಒಳ್ಳೆಯ ಚಾರ್ಜರ್. ಇವಿಷ್ಟು ಇದ್ದರೆ ಉಳಿದದ್ದೆಲ್ಲ ಅನುಕೂಲ ಮಾತ್ರ. ಏಕೆ ಎಂಬುದನ್ನು ಮುಂದೆ ನೋಡೋಣ.

18650 ಎಂದರೇನು?

ಟಾರ್ಚಿನ ಸೆಲ್ ಮೇಲೆ 18650 ಎಂಬ ಸಂಖ್ಯೆಯನ್ನು ನೀವು ನೋಡಿರಬಹುದು. ಇದು ಸೆಲ್ಲಿನ ಶಕ್ತಿಯಲ್ಲ, ಅಳತೆ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಎಂದರೆ ಉರುಳೆಯಾಕಾರ. ಇದೇ ಲೆಕ್ಕದಲ್ಲಿ 21700 ಎಂದರೆ 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಸೆಲ್. 14500 ಎಂಬುದು ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಪೆನ್ಸಿಲ್ ಸೆಲ್ಲಿನ ಗಾತ್ರದ್ದು.

ಗಾತ್ರ ಒಂದೇ ಎಂದು 14500 ಸೆಲ್ಲನ್ನು ಗಡಿಯಾರಕ್ಕೋ ಮಕ್ಕಳ ಆಟಿಕೆಗೋ ಹಾಕಬೇಡಿ. ಪೆನ್ಸಿಲ್ ಸೆಲ್ 1.5 ವೋಲ್ಟಿನದು, ಇದು 3.7 ವೋಲ್ಟಿನದು. ಉಪಕರಣ ಸುಟ್ಟುಹೋಗುವ ಸಾಧ್ಯತೆಯೇ ಹೆಚ್ಚು.

ಲಿಥಿಯಂ ಅಯಾನ್ ಸೆಲ್ಲುಗಳು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯ ಮೂಲಕ. ಇವುಗಳ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ ತುಂಬಿಡುವುದೇ ಇವುಗಳ ಹಿರಿಮೆ. ಅಪಾಯದ ಮೂಲವೂ ಅದೇ.

ಫೋನಿನ ಚಾರ್ಜರ್ ಬೇರೆ, ಈ ಚಾರ್ಜರ್ ಬೇರೆ

"ಹೆಚ್ಚು ಆಂಪಿಯರಿನ ಚಾರ್ಜರ್ ಹಾಕಿದರೂ ಏನೂ ಆಗುವುದಿಲ್ಲ, ಬ್ಯಾಟರಿ ತನಗೆ ಬೇಕಾದಷ್ಟೇ ತೆಗೆದುಕೊಳ್ಳುತ್ತದೆ" ಎಂಬ ಮಾತು ನೀವು ಕೇಳಿರಬಹುದು. ಫೋನಿನ ಮಟ್ಟಿಗೆ ಇದು ನಿಜ. ನಾವು ಗೋಡೆಗೆ ಚುಚ್ಚುವ ಫೋನ್ ಚಾರ್ಜರ್ ವಾಸ್ತವವಾಗಿ ಒಂದು ಅಡಾಪ್ಟರ್, ಅಷ್ಟೇ. ನಿಜವಾದ ಚಾರ್ಜರ್ ಇರುವುದು ಫೋನಿನೊಳಗೆ. ಎಷ್ಟು ಕರೆಂಟು ತೆಗೆದುಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಆ ಒಳಗಿನ ಚಿಪ್.

ಟಾರ್ಚಿನಿಂದ ಹೊರತೆಗೆದ ಬಿಡಿ ಸೆಲ್ಲಿನ ಕತೆ ಹೀಗಲ್ಲ. ಅದರೊಳಗೆ ಚಾರ್ಜಿಂಗ್ ಚಿಪ್ ಇರುವುದಿಲ್ಲ. ಚಾರ್ಜರ್ ಎಷ್ಟು ತಳ್ಳಿದರೆ ಅಷ್ಟನ್ನೂ ಅದು ನುಂಗುತ್ತದೆ. ಇಲ್ಲಿ ಯೋಚಿಸುವ ಕೆಲಸವೆಲ್ಲ ಹೊರಗಿನ ಡಬ್ಬಿಯದೇ. ಅದಕ್ಕಾಗಿಯೇ ಫೋನಿಗೆ ಹೊಂದುವ ಸಲಹೆ ಇಲ್ಲಿ ಹೊಂದುವುದಿಲ್ಲ.

ನಿಮ್ಮ ಟಾರ್ಚಿನಲ್ಲೇ ಯುಎಸ್‌ಬಿ ಕಿಂಡಿ ಇದ್ದರೆ ಚಾರ್ಜರ್ ಟಾರ್ಚಿನೊಳಗೇ ಇದೆ ಎಂದರ್ಥ. ಒಳ್ಳೆಯ ತಯಾರಕರ ಟಾರ್ಚಾದರೆ ಬೇರೆ ಚಾರ್ಜರ್ ಕೊಳ್ಳಲೇಬೇಕೆಂದೇನಿಲ್ಲ. ಎರಡು ಮೂರು ಸೆಲ್ ಇಟ್ಟುಕೊಂಡು ಬದಲಾಯಿಸುತ್ತ ಬಳಸುವವರಿಗೆ, ಕಿಂಡಿಯೇ ಇಲ್ಲದ ಟಾರ್ಚು ಇರುವವರಿಗೆ ಬಿಡಿ ಚಾರ್ಜರ್ ಬೇಕಾಗುತ್ತದೆ.

ಚಾರ್ಜ್ ಆಗುವಾಗ ಏನು ನಡೆಯುತ್ತದೆ?

ನಲ್ಲಿಯ ಕೆಳಗೆ ಕೊಡ ಇಟ್ಟಿದ್ದೀರಿ ಎಂದುಕೊಳ್ಳಿ. ಮೊದಲು ನಲ್ಲಿಯನ್ನು ಜೋರಾಗಿ ಬಿಡುತ್ತೀರಿ. ನೀರು ಕೊಡದ ಕಂಠದ ಹತ್ತಿರ ಬಂದಾಗ ಸಣ್ಣಗೆ ಮಾಡುತ್ತೀರಿ. ತುಂಬಿದ ಮೇಲೆ ಪೂರ್ತಿ ನಿಲ್ಲಿಸುತ್ತೀರಿ.

ಲಿಥಿಯಂ ಅಯಾನ್ ಸೆಲ್ಲಿಗೆ ಬೇಕಾದದ್ದೂ ಇದೇ ಕ್ರಮ. ಮೊದಲ ಹಂತದಲ್ಲಿ ಚಾರ್ಜರ್ ಒಂದೇ ಸಮನಾದ ಕರೆಂಟು ಕೊಡುತ್ತದೆ, ಸೆಲ್ಲಿನ ವೋಲ್ಟೇಜ್ ನಿಧಾನವಾಗಿ ಏರುತ್ತದೆ. 4.2 ವೋಲ್ಟ್ ಮುಟ್ಟಿದ ಕೂಡಲೇ ಎರಡನೆಯ ಹಂತ. ಆಗ ವೋಲ್ಟೇಜನ್ನು 4.2ರಲ್ಲೇ ಹಿಡಿದಿಟ್ಟಿರುವಾಗ ಕರೆಂಟು ತಾನಾಗಿ ಇಳಿಯುತ್ತ ಬರುತ್ತದೆ. ಆರಂಭದ ಕರೆಂಟಿನ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಾಗ ಚಾರ್ಜರ್ ಪೂರ್ತಿ ನಿಲ್ಲಬೇಕು. ಇದನ್ನು ಸಿಸಿ-ಸಿವಿ ವಿಧಾನ ಎನ್ನುತ್ತಾರೆ.

"ಪೂರ್ತಿ" ಎಂಬ ಪದ ಇಲ್ಲಿ ಮುಖ್ಯ. ಹಳೆಯ ಕಾಲದ ರೀಚಾರ್ಜ್ ಟಾರ್ಚುಗಳಲ್ಲಿ ಇರುತ್ತಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಅದು ತುಂಬಿದ ಮೇಲೂ ಹನಿಹನಿಯಾಗಿ ಬರುವ ಕರೆಂಟನ್ನು ಒಂದಿಷ್ಟು ತಡೆದುಕೊಳ್ಳುತ್ತಿತ್ತು. ಲಿಥಿಯಂ ಅಯಾನ್ ತಡೆದುಕೊಳ್ಳುವುದಿಲ್ಲ. ತುಂಬಿದ ಮೇಲೂ ಕರೆಂಟು ಹರಿಯುತ್ತಿದ್ದರೆ ಒಳಗಿನ ಋಣಧ್ರುವದ ಮೇಲೆ ಲಿಥಿಯಂ ಲೋಹ ಪದರಗಟ್ಟತೊಡಗುತ್ತದೆ, ಧನಧ್ರುವದ ವಸ್ತು ಅಸ್ಥಿರವಾಗುತ್ತದೆ, ಶಾಖ ಹೆಚ್ಚುತ್ತದೆ. ಒಂದು ಮಿತಿ ದಾಟಿದ ಮೇಲೆ ಶಾಖವೇ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಆಮೇಲೆ ಪ್ಲಗ್ ಕಿತ್ತರೂ ಅದು ನಿಲ್ಲುವುದಿಲ್ಲ.

ಕೊಳ್ಳುವಾಗ ಏನನ್ನು ನೋಡಬೇಕು?

ಮಾದರಿ ವಿಮಾನ, ಡ್ರೋನ್, ಟಾರ್ಚುಗಳ ಹುಚ್ಚಿರುವವರು ಬಳಸುವ ಹವ್ಯಾಸಿ ಚಾರ್ಜರುಗಳು ಈಗ ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುತ್ತವೆ. ಪೆಟ್ಟಿಗೆಯ ಮೇಲೆ ಬರೆದಿರುವ ಹತ್ತಾರು ಗುಣಗಳಲ್ಲಿ ಈ ಕೆಳಗಿನವು ಇವೆಯೇ ಎಂದು ಮೊದಲು ನೋಡಿ.

1. ಕೊನೆಯ ವೋಲ್ಟೇಜ್: 4.2 ವೋಲ್ಟ್ ಎಂದು ಸ್ಪಷ್ಟವಾಗಿ ಬರೆದಿರಬೇಕು. 0.05 ವೋಲ್ಟಿನಷ್ಟು ಹೆಚ್ಚುಕಡಿಮೆ ಸಾಮಾನ್ಯ. ಇದನ್ನೇ ಹೇಳದ ಚಾರ್ಜರನ್ನು ಅಲ್ಲೇ ಬಿಟ್ಟುಬನ್ನಿ.

2. ಖಾನೆಗಳು ಸ್ವತಂತ್ರವಾಗಿರಬೇಕು: ಎರಡು ಅಥವಾ ನಾಲ್ಕು ಸೆಲ್ ಹಾಕುವ ಚಾರ್ಜರಿನಲ್ಲಿ ಪ್ರತಿ ಖಾನೆಗೂ ಪ್ರತ್ಯೇಕ ದೀಪ ಅಥವಾ ಪರದೆಯ ಮೇಲೆ ಪ್ರತ್ಯೇಕ ಅಂಕಿ ಇರಬೇಕು. ಅಗ್ಗದ ಕೆಲವು ಚಾರ್ಜರುಗಳು ಎರಡು ಸೆಲ್ಲುಗಳನ್ನು ತಂತಿಯಿಂದ ಜೋಡಿಸಿ ಒಂದೇ ಎಂಬಂತೆ ಚಾರ್ಜ್ ಮಾಡುತ್ತವೆ. ತುಂಬಿದ ಸೆಲ್ ಒಂದು, ಖಾಲಿ ಸೆಲ್ ಒಂದು ಹಾಕಿದರೆ ತುಂಬಿದ್ದರಿಂದ ಖಾಲಿಯದಕ್ಕೆ ಅಂಕೆಯಿಲ್ಲದೆ ಕರೆಂಟು ನುಗ್ಗುತ್ತದೆ.

3. ತಿರುಗಿಸಿ ಹಾಕಿದರೆ ರಕ್ಷಣೆ: ಕತ್ತಲಲ್ಲಿ, ಅವಸರದಲ್ಲಿ ಸೆಲ್ಲನ್ನು ಉಲ್ಟಾ ಹಾಕುವುದು ಯಾರಿಗಾದರೂ ಆಗಬಹುದು. ಆಗ ಚಾರ್ಜರ್ ಸುಮ್ಮನಿರಬೇಕು, ದೋಷವೆಂದು ತೋರಿಸಬೇಕು.

4. ಕರೆಂಟು ಆರಿಸುವ ಸೌಲಭ್ಯ: ಕಡೇಪಕ್ಷ ಅರ್ಧ ಆಂಪಿಯರ್ ಮತ್ತು ಒಂದು ಆಂಪಿಯರ್ ಎಂಬ ಎರಡು ಆಯ್ಕೆಗಳಾದರೂ ಇರಲಿ.

5. ಸೆಲ್ಲಿನ ಬಗೆಯನ್ನು ಗುರುತಿಸುವಿಕೆ: ರೀಚಾರ್ಜ್ ಆಗುವ ಪೆನ್ಸಿಲ್ ಸೆಲ್ಲುಗಳು ನಿಕ್ಕಲ್ ಬಗೆಯವು, 1.2 ವೋಲ್ಟಿನವು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆ 3.2 ವೋಲ್ಟಿನದು, ಅದನ್ನು 3.65 ವೋಲ್ಟಿನಲ್ಲಿ ನಿಲ್ಲಿಸಬೇಕು. ಹೆಚ್ಚಿನ ಚಾರ್ಜರುಗಳು ನಿಕ್ಕಲ್ ಮತ್ತು ಲಿಥಿಯಂ ಸೆಲ್ಲುಗಳನ್ನು ತಾವೇ ಗುರುತಿಸುತ್ತವೆ. ಆದರೆ ಐರನ್ ಫಾಸ್ಫೇಟ್ ಬಗೆಯನ್ನು ಸಾಮಾನ್ಯವಾಗಿ ನಾವೇ ಗುಂಡಿ ಒತ್ತಿ ಹೇಳಬೇಕಾಗುತ್ತದೆ.

6. ಪರದೆ: ವೋಲ್ಟೇಜ್, ಕರೆಂಟು, ತುಂಬಿದ ಪ್ರಮಾಣ ಇವನ್ನು ತೋರಿಸುವ ಪರದೆ ಇದ್ದರೆ ಅದು ಶೋಕಿಯಲ್ಲ. ಕೆಂಪು-ಹಸಿರು ದೀಪ ಹೇಳದ ಎಷ್ಟೋ ಸಂಗತಿಗಳನ್ನು ಅದು ಹೇಳುತ್ತದೆ.

ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚುವ, ಮಡಚುವ ಪಿನ್ನಿನ, ಹಗುರ ಚಾರ್ಜರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅಗ್ಗವಾಗಿ ಮಾಡಿದ ಇಂಥವುಗಳಲ್ಲಿ 230 ವೋಲ್ಟಿನ ಭಾಗ ಮತ್ತು ಸೆಲ್ ಕೂರುವ ಭಾಗದ ನಡುವೆ ಇರಬೇಕಾದ ಅಂತರ, ತಡೆ ಸಾಲದಿರಬಹುದು. ಸೆಲ್ ತೆಗೆಯಲು ಹೋದ ಕೈಗೇ ಶಾಕ್ ಹೊಡೆಯಬಹುದು. ಯುಎಸ್‌ಬಿ ಮೂಲಕ 5 ವೋಲ್ಟಿನಲ್ಲಿ ನಡೆಯುವ ಚಾರ್ಜರ್ ಕೊಂಡು, ಅದನ್ನು ಒಳ್ಳೆಯ ಫೋನ್ ಅಡಾಪ್ಟರಿಗೆ ಜೋಡಿಸುವುದು ಮೇಲು. ಭಾರತದಲ್ಲಿ ಇಂಥ ಅಡಾಪ್ಟರುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಅದರ ಮೇಲೆ ಐಎಸ್ 13252 ಎಂಬ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಎಷ್ಟು ಆಂಪಿಯರ್ ಸರಿ?

ಸೆಲ್ಲಿನ ಮೇಲೆ ಬರೆದಿರುವ ಎಂಎಎಚ್ ಸಂಖ್ಯೆಯ ಅರ್ಧದಷ್ಟು ಕರೆಂಟು ಎಂಬುದು ನೆನಪಿಡಲು ಸುಲಭವಾದ ಲೆಕ್ಕ. 3000 ಎಂಎಎಚ್‌ನ 18650 ಸೆಲ್ಲಿಗೆ ಗರಿಷ್ಠ 1.5 ಆಂಪಿಯರ್. ಅವಸರವಿಲ್ಲದಿದ್ದರೆ ಒಂದು ಆಂಪಿಯರ್ ಇನ್ನೂ ಒಳ್ಳೆಯದು. 800 ಎಂಎಎಚ್‌ನ ಪುಟ್ಟ 14500 ಸೆಲ್ಲಿಗೆ 0.4 ಆಂಪಿಯರ್ ದಾಟಬಾರದು. ಇದನ್ನೇ ಎರಡು ಆಂಪಿಯರಿಗೆ ಹಾಕಿದರೆ ಲೋಟಕ್ಕೆ ಬೋರ್‌ವೆಲ್ ಪೈಪು ಹಿಡಿದ ಹಾಗೆ. ತಯಾರಕರು ಬೇರೆ ಮಿತಿ ಹೇಳಿದ್ದರೆ ಅವರ ಮಾತೇ ಕೊನೆ.

ಸಮಯದ ಲೆಕ್ಕವೂ ಸುಲಭ. 3000 ಎಂಎಎಚ್ ಸೆಲ್ಲಿಗೆ ಒಂದು ಆಂಪಿಯರ್ ಕೊಟ್ಟರೆ ಮೂರು ಗಂಟೆ. ಕೊನೆಯ ಹಂತದಲ್ಲಿ ಕರೆಂಟು ಇಳಿಯುವುದರಿಂದ ಇನ್ನೊಂದು ಗಂಟೆಯ ಹತ್ತಿರ ಸೇರಿಸಿಕೊಳ್ಳಿ.

ನಾಲ್ಕು ಖಾನೆಯ ಚಾರ್ಜರ್ ಕೊಳ್ಳುವವರು ಅಡಾಪ್ಟರಿನ ತಾಕತ್ತನ್ನೂ ನೋಡಬೇಕು. ನಾಲ್ಕು ಸೆಲ್ಲಿಗೂ ಒಂದೊಂದು ಆಂಪಿಯರ್, 4.2 ವೋಲ್ಟಿನಲ್ಲಿ ಎಂದರೆ ಸುಮಾರು 17 ವ್ಯಾಟ್ ಬೇಕು. 5 ವೋಲ್ಟ್, 2 ಆಂಪಿಯರಿನ ಅಡಾಪ್ಟರ್ ಕೊಡುವುದು 10 ವ್ಯಾಟ್ ಮಾತ್ರ. ಒಳ್ಳೆಯ ಚಾರ್ಜರಾದರೆ ಇದನ್ನು ಅರಿತು ನಿಧಾನವಾಗುತ್ತದೆ. "ಚಾರ್ಜರ್ ಕೆಟ್ಟಿದೆ, ತುಂಬ ಹೊತ್ತು ಹಿಡಿಯುತ್ತೆ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಅಡಾಪ್ಟರ್.

ಬ್ಯಾಲೆನ್ಸ್ ಚಾರ್ಜರ್ ಬಳಸಬಹುದೇ?

ರಿಮೋಟ್ ವಿಮಾನ, ಕಾರು ಓಡಿಸುವವರ ಬಳಿ ನಾಲ್ಕು ಗುಂಡಿ, ನೀಲಿ ಪರದೆಯ ಬ್ಯಾಲೆನ್ಸ್ ಚಾರ್ಜರ್ ಇರುತ್ತದೆ. ಸೆಲ್ ಹೋಲ್ಡರ್ ಜೋಡಿಸಿ ಇದರಲ್ಲಿ ಟಾರ್ಚಿನ ಸೆಲ್ಲನ್ನೂ ಚಾರ್ಜ್ ಮಾಡಬಹುದು. ಕೆಲಸ ಅಚ್ಚುಕಟ್ಟು, ಆದರೆ ಹೊಣೆ ನಿಮ್ಮದು. ಬಗೆ, ಕರೆಂಟು, ಸೆಲ್ಲುಗಳ ಸಂಖ್ಯೆ ಎಲ್ಲವನ್ನೂ ನೀವೇ ಸರಿಯಾಗಿ ಹೇಳಬೇಕು. ಹಲವು ಚಾರ್ಜರುಗಳಲ್ಲಿ ಲಿಥಿಯಂ ಅಯಾನ್ ಎಂದು ಆರಿಸಿದರೆ 4.1 ವೋಲ್ಟಿಗೆ, ಲಿಪೋ ಎಂದು ಆರಿಸಿದರೆ 4.2ಕ್ಕೆ ನಿಲ್ಲುತ್ತದೆ. ಟಾರ್ಚಿನ ಸಾಮಾನ್ಯ ಸೆಲ್ಲಿಗೆ ಇವೆರಡೂ ನಡೆಯುತ್ತವೆ.

ನಡೆಯದಿರುವುದು ನಿಕ್ಕಲ್ ಬಗೆಯ ಆಯ್ಕೆ. ನಿಕ್ಕಲ್ ಸೆಲ್ ತುಂಬಿದಾಗ ವೋಲ್ಟೇಜ್ ತುಸು ಇಳಿಯುತ್ತದೆ, ಆ ಇಳಿತ ಕಂಡಾಗ ಚಾರ್ಜರ್ ನಿಲ್ಲುತ್ತದೆ. ಲಿಥಿಯಂ ಸೆಲ್ಲಿನಲ್ಲಿ ಆ ಇಳಿತ ಬರುವುದೇ ಇಲ್ಲ. ಅದು ಬರಲೆಂದು ಕಾಯುತ್ತ ಚಾರ್ಜರ್ ಕರೆಂಟು ತಳ್ಳುತ್ತಲೇ ಹೋಗಬಹುದು. ಮೊದಲ ಬಾರಿಗೆ ಚಾರ್ಜರ್ ಕೊಳ್ಳುವವರಿಗೆ, ಮನೆಯಲ್ಲಿ ಹಲವರು ಬಳಸುವಲ್ಲಿಗೆ, ಖಾನೆಯಲ್ಲಿ ಸೆಲ್ ಇಟ್ಟರೆ ಸಾಕು ಎನ್ನುವ ಬಗೆಯೇ ಒಳ್ಳೆಯದು.

ಸೆಲ್ ಕೂಡ ಸರಿಯಿರಬೇಕು

ಚಾರ್ಜರ್ ಎಷ್ಟೇ ಒಳ್ಳೆಯದಿದ್ದರೂ ಕೆಟ್ಟ ಸೆಲ್ಲನ್ನು ಒಳ್ಳೆಯದು ಮಾಡಲಾರದು. 18650 ಸೆಲ್ಲಿನ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು. ಹೆಸರಾಂತ ತಯಾರಕರ ಸೆಲ್ಲುಗಳಲ್ಲಿ ನೀವು ಸಾಮಾನ್ಯವಾಗಿ ಕಾಣುವುದು 2000ದಿಂದ 3600 ಎಂಎಎಚ್ ತನಕ. ಅಸಲಿ ಸೆಲ್ ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. ಬಂಗಾರದಂಗಡಿಯ ತಕ್ಕಡಿಯಲ್ಲಿ ಅದು 30 ಗ್ರಾಂ ಮಾತ್ರ ತೂಗಿದರೆ ಒಳಗೆ ಏನಿರಬಹುದೆಂದು ನೀವೇ ಊಹಿಸಿ.

ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ಲುಗಳನ್ನು ಟಾರ್ಚಿಗೆ ಹಾಕುವುದನ್ನು ಕಲಿಸುವ ವಿಡಿಯೊಗಳು ಬಹಳ. ಆ ಸೆಲ್ಲುಗಳನ್ನು ಕಾಯುತ್ತಿದ್ದ ರಕ್ಷಣಾ ಸರ್ಕಿಟ್ ಬ್ಯಾಟರಿ ಪ್ಯಾಕಿನಲ್ಲೇ ಉಳಿದುಬಿಡುತ್ತದೆ, ಕೈಗೆ ಬರುವುದು ಬರಿ ಸೆಲ್. ಹೀಗೆ ಬಿಡಿಯಾಗಿ ಬಳಸುವುದರಿಂದ ಬೆಂಕಿ, ಗಾಯ, ಸಾವು ಸಂಭವಿಸಬಹುದೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರಲ್ಲಿ ಎಚ್ಚರಿಕೆ ನೀಡಿತ್ತು.

ಟಾರ್ಚಿಗಾಗಿ ಕೊಳ್ಳುವಾಗ ರಕ್ಷಣಾ ಸರ್ಕಿಟ್ ಇರುವ, ಅಂದರೆ 'ಪ್ರೊಟೆಕ್ಟೆಡ್' ಎಂದು ಬರೆದಿರುವ ಸೆಲ್ ಆರಿಸಿ. ಇದು ಬರಿ ಸೆಲ್ಲಿಗಿಂತ ಕೆಲವು ಮಿಲಿಮೀಟರ್ ಉದ್ದ. ನಿಮ್ಮ ಟಾರ್ಚು ಮತ್ತು ಚಾರ್ಜರಿನ ಖಾನೆ ಎರಡಕ್ಕೂ ಹಿಡಿಸುತ್ತದೆಯೇ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ಸಂಗತಿ ಸೆಲ್ಲಿನ ಮೇಲಿನ ಬಣ್ಣದ ಪ್ಲಾಸ್ಟಿಕ್ ಹೊದಿಕೆ. ಅದರ ಕೆಳಗಿರುವ ಇಡೀ ಲೋಹದ ಮೈ ಋಣಧ್ರುವ. ಮೇಲ್ತುದಿಯಲ್ಲಿ ಧನಧ್ರುವಕ್ಕೂ ಅದಕ್ಕೂ ಇರುವ ಅಂತರ ಬಹಳ ಕಡಿಮೆ. ಹೊದಿಕೆ ಹರಿದಿದ್ದರೆ ಚಾರ್ಜರಿನ ಲೋಹದ ಸ್ಪ್ರಿಂಗ್ ತಾಗಿಯೇ ಶಾರ್ಟ್ ಆಗಬಹುದು. ಬೀಗದಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬಿಡಿ ಸೆಲ್ ಇಡಬಾರದು ಎನ್ನುವುದೂ ಇದಕ್ಕಾಗಿಯೇ. ಪುಟ್ಟ ಪ್ಲಾಸ್ಟಿಕ್ ಡಬ್ಬಿ ಸಾಕು.

ಈಗ ಇರುವ ಚಾರ್ಜರನ್ನು ಪರೀಕ್ಷಿಸುವುದು ಹೇಗೆ?

ಇದಕ್ಕೆ ಬೇಕಾದದ್ದು ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್. ಊರಿನ ಎಲೆಕ್ಟ್ರಿಶಿಯನ್ ಬಳಿಯೂ ಇರುತ್ತದೆ. ಸೆಲ್ಲನ್ನು ಚಾರ್ಜಿಗೆ ಹಾಕಿ, ಎದುರಿಗೇ ಇರಿ. ಹಸಿರು ದೀಪ ಬಂದ ಮೇಲೆ ಸೆಲ್ ತೆಗೆದು ಅಳೆಯಿರಿ. 4.15ರಿಂದ 4.20 ವೋಲ್ಟಿನ ನಡುವೆ ಇದ್ದರೆ ಸರಿ. ಮತ್ತೆ ಚಾರ್ಜರಿನಲ್ಲಿಟ್ಟು ಒಂದು ಗಂಟೆ ಬಿಟ್ಟು ಅಳೆಯಿರಿ. ಏರಿಕೆ ಕಾಣಬಾರದು. 4.25 ದಾಟಿದರೆ, ಅಥವಾ ಪ್ರತಿ ಸಲ ಅಳೆದಾಗಲೂ ಏರುತ್ತಲೇ ಇದ್ದರೆ, ಆ ಚಾರ್ಜರಿನ ಬಳಕೆ ಅಂದೇ ನಿಲ್ಲಿಸಿ.

ಚಾರ್ಜಿಗೆ ಹಾಕುವ ಮುನ್ನವೂ ಒಮ್ಮೆ ಅಳೆಯುವುದು ಒಳ್ಳೆಯದು. ಬಹಳ ದಿನ ಮೂಲೆಗೆ ಬಿದ್ದಿದ್ದ ಸೆಲ್ 2.5 ವೋಲ್ಟಿಗಿಂತ ಕೆಳಗಿಳಿದಿದ್ದರೆ ಒಳಗಿನ ತಾಮ್ರದ ಹಾಳೆ ಕರಗಲು ತೊಡಗಿರಬಹುದು. ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಮಾಡಬಹುದು. ಇಂಥ ಸೆಲ್ಲನ್ನು ಬದುಕಿಸುವ ಸಾಹಸ ಬೇಡ. ಸತ್ತ ಸೆಲ್ಲನ್ನು ಎಬ್ಬಿಸುತ್ತೇವೆ ಎನ್ನುವ ಚಾರ್ಜರುಗಳ ಜಾಹೀರಾತಿಗೂ ಮರುಳಾಗಬೇಡಿ.

ಫಾರ್ವರ್ಡುಗಳಲ್ಲಿ ಬರುವ ಮಾತುಗಳು: ನಿಜವೆಷ್ಟು?

*"ಹೊಸ ಸೆಲ್ಲನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಲೇಬೇಕು."* ಬೇಕಿಲ್ಲ. ಇದು ಹಳೆಯ ಬಗೆಯ ಬ್ಯಾಟರಿಗಳ ಕಾಲದ ಮಾತು. ಚಾರ್ಜರ್ ತುಂಬಿತೆಂದಾಗ ತೆಗೆದರಾಯಿತು.

*"ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕು, ಇಲ್ಲದಿದ್ದರೆ ಬ್ಯಾಟರಿ ಮರೆಗುಳಿಯಾಗುತ್ತದೆ."* ತಪ್ಪು. ಆ ತೊಂದರೆ ಇದ್ದದ್ದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳಲ್ಲಿ. ಲಿಥಿಯಂ ಸೆಲ್ಲಿಗೆ ಪೂರ್ತಿ ಖಾಲಿಯಾಗುವುದೇ ಹಾನಿಕರ. ಅರ್ಧಕ್ಕೆ ಬಂದಾಗ ಚಾರ್ಜ್ ಮಾಡಿದರೆ ಅದರ ಆಯಸ್ಸು ಹೆಚ್ಚುತ್ತದೆ.

*"ಫ್ರೀಜರಿನಲ್ಲಿಟ್ಟು ತೆಗೆದರೆ ಸತ್ತ ಸೆಲ್ ಬದುಕುತ್ತದೆ."* ಬದುಕುವುದಿಲ್ಲ. ಮೇಲಾಗಿ ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಸೆಲ್ಲನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟುತ್ತದೆ. ಇದು ಅಪಾಯವನ್ನು ಕರೆದು ಕೂರಿಸಿಕೊಂಡಂತೆ.

*"ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ತೆಗೆದುಕೊಳ್ಳಬಹುದು, ಹೇಗೂ ಆಟೊ ಕಟ್ ಇದೆ."* ಒಳ್ಳೆಯ ಚಾರ್ಜರಿನಲ್ಲಿ ಆಟೊ ಕಟ್ ಇರುವುದು ನಿಜ. ಆದರೆ ಯಾವ ಸಾಧನವೂ ಕೆಡದೆ ಇರುವುದಿಲ್ಲ. ಕೆಟ್ಟ ಹೊತ್ತಿನಲ್ಲಿ ಯಾರಾದರೂ ಎಚ್ಚರವಿರಬೇಕು. ಬಿಡಿ ಸೆಲ್ಲುಗಳನ್ನು ಹಗಲು ಹೊತ್ತು, ಕಣ್ಣಿಗೆ ಕಾಣುವ ಜಾಗದಲ್ಲಿ, ಹಾಸಿಗೆ, ಪರದೆ, ಕಾಗದಗಳಿಂದ ದೂರ, ಕಲ್ಲಿನ ಅಥವಾ ಟೈಲ್ಸ್ ನೆಲದ ಮೇಲೆ ಚಾರ್ಜ್ ಮಾಡಿ. ಬಿಸಿಲು ಬೀಳುವ ಕಿಟಕಿಯ ಬಳಿ ಬೇಡ. 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡುವುದು ಇವುಗಳಿಗೆ ಆಗಿಬರುವುದಿಲ್ಲ.

*"ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು."* ಶುದ್ಧ ಲಿಥಿಯಂ ಲೋಹ ನೀರಿನೊಂದಿಗೆ ತೀವ್ರವಾಗಿ ವರ್ತಿಸುತ್ತದೆ ಎಂಬುದರಿಂದ ಹುಟ್ಟಿದ ಮಾತಿದು. ಟಾರ್ಚಿನ ಲಿಥಿಯಂ ಅಯಾನ್ ಸೆಲ್ಲಿನಲ್ಲಿ ಲಿಥಿಯಂ ಇರುವುದು ಸಂಯುಕ್ತಗಳ ರೂಪದಲ್ಲಿ. ಇಂಥ ಸಣ್ಣ ಸೆಲ್ಲನ್ನು ತಣ್ಣಗಾಗಿಸಲು ಧಾರಾಳ ನೀರೇ ಉಪಯುಕ್ತ. ಆದರೆ ಮೊದಲು ಮೇನ್ ಸ್ವಿಚ್ ಆರಿಸಿರಬೇಕು. ಪ್ಲಗ್ಗಿನಲ್ಲಿ ಕರೆಂಟಿರುವಾಗ ನೀರು ಹಾಕುವಂತಿಲ್ಲ.

ಬಿಸಿಯಾದರೆ, ಹೊಗೆ ಬಂದರೆ

ಚಾರ್ಜ್ ಆಗುವಾಗ ಸೆಲ್ ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಸ್ವಿಚ್ ಆರಿಸಿ. ಬುಸ್ ಎಂಬ ಸದ್ದು, ಘಾಟು ವಾಸನೆ, ಹೊಗೆ ಬಂದರೆ ಸೆಲ್ಲನ್ನು ಮುಟ್ಟಬೇಡಿ. ಆ ಹೊಗೆ ವಿಷಕಾರಿ. ಮಕ್ಕಳು, ಹಿರಿಯರನ್ನು ಮೊದಲು ಹೊರಗೆ ಕಳಿಸಿ, ಬಾಗಿಲು ತೆರೆದಿಡಿ, ಬೆಂಕಿ ಹಬ್ಬುವಂತಿದ್ದರೆ ನೀವೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ.

ಮುಗಿದುಹೋದ ಸೆಲ್ಲನ್ನು ಕಸದ ಬುಟ್ಟಿಗಾಗಲಿ ಒಲೆಗಾಗಲಿ ಹಾಕಬಾರದು. ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆ ತಯಾರಕರ ಮೇಲೂ ಇದೆ. ವಿಮಾನದಲ್ಲಿ ಹೋಗುವವರು ಬಿಡಿ ಸೆಲ್ಲುಗಳನ್ನು ಚೆಕ್‌-ಇನ್ ಬ್ಯಾಗಿನಲ್ಲಿ ಹಾಕದೆ ಕೈಚೀಲದಲ್ಲೇ ಒಯ್ಯಬೇಕು.

ಇದಿಷ್ಟನ್ನು ಫಾರ್ವರ್ಡ್ ಮಾಡಿ

- 4.2 ವೋಲ್ಟಿಗೆ ನಿಲ್ಲುವ, ಪ್ರತಿ ಖಾನೆ ಸ್ವತಂತ್ರವಾಗಿರುವ ಚಾರ್ಜರ್ ಕೊಳ್ಳಿ.
- ಕರೆಂಟು ಸೆಲ್ಲಿನ ಎಂಎಎಚ್‌ನ ಅರ್ಧದೊಳಗಿರಲಿ.
- 18650 ಸೆಲ್ಲಿನ ಮೇಲೆ 9900 ಎಂದಿದ್ದರೆ ಕೊಳ್ಳಬೇಡಿ.
- ಹೊದಿಕೆ ಹರಿದ, 2.5 ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ಚಾರ್ಜ್ ಮಾಡಬೇಡಿ.
- ಚಾರ್ಜಿಗೆ ಹಾಕಿ ಮಲಗಬೇಡಿ, ಮನೆ ಬಿಟ್ಟು ಹೋಗಬೇಡಿ.